ಹೆಣೆದ ಮೇಲೆ ಅದು ಯಾರದು?

*ಇಂದಿನ ಧಮ್ಮ ಚಿಂತನೆ*





ಕಳೆದ ಭಾನುವಾರ ಮಣಿಪಾಲದಲ್ಲಿ ನಾವು ಮಜ್ಝಿಮ ನಿಕಾಯದ 142ನೆಯ ಸುತ್ತವಾದ ದಕ್ಖಿಣಾವಿಭಂಗವನ್ನು ಓದಿದೆವು. ದಾನವನ್ನು ವಿಂಗಡಿಸಿ ತೋರಿಸುವ ಸುತ್ತ ಅದು. ಅಂದು ಬರಲಾಗದವರಿಗಾಗಿ ಅದರ ಕಥಾಭಾಗವನ್ನು ಮೊದಲು ಹೇಳಿಬಿಡುತ್ತೇನೆ.

ಭಗವಾನರು ಆಗ ಶಾಕ್ಯರ ನಾಡಿನಲ್ಲಿ, ಕಪಿಲವತ್ಥುವಿನ ನಿಗ್ರೋಧಾರಾಮದಲ್ಲಿದ್ದರು. ಮಹಾಪಜಾಪತಿ ಗೋತಮಿ ಒಂದು ಜೊತೆ ಹೊಸ ಬಟ್ಟೆ ಹಿಡಿದುಕೊಂಡು ಬಂದರು. ಅವರು ಭಗವಾನರ ಚಿಕ್ಕಮ್ಮ. ಹೆತ್ತ ತಾಯಿ ತೀರಿಕೊಂಡ ಮೇಲೆ ಎದೆಹಾಲು ಕೊಟ್ಟು ಸಾಕಿದವರು. ಆ ಬಟ್ಟೆಯ ನೂಲನ್ನು ಅವರೇ ತೆಗೆದಿದ್ದರು, ಅವರೇ ನೇಯ್ದಿದ್ದರು. ಅರಮನೆಯ ಹೆಂಗಸು, ಬೇಕೆಂದರೆ ಎಂಥ ಬಟ್ಟೆಯನ್ನಾದರೂ ತರಿಸಬಹುದಿತ್ತು. ಆದರೆ ಇದು ಸಾಕಿದ ಮಗನಿಗೆಂದೇ ಕೈಯಾರೆ ಮಾಡಿದ್ದು.

ಭಗವಾನರು ಅದನ್ನು ತೆಗೆದುಕೊಳ್ಳಲಿಲ್ಲ. ಸಂಘಕ್ಕೆ ಕೊಡಿ ಎಂದರು. ಸಂಘಕ್ಕೆ ಕೊಟ್ಟರೆ ತಮಗೂ ಗೌರವ ಸಂದಂತೆ, ಸಂಘಕ್ಕೂ ಸಂದಂತೆ ಎಂದರು. ಗೋತಮಿ ಎರಡನೆಯ ಬಾರಿ ಕೇಳಿಕೊಂಡರು, ಮೂರನೆಯ ಬಾರಿಯೂ ಕೇಳಿಕೊಂಡರು. ಮೂರು ಬಾರಿಯೂ ಅದೇ ಉತ್ತರ. ಆಗ ಆನಂದರು ನಡುವೆ ಬಂದು, ಈ ತಾಯಿ ಮಾಡಿದ ಉಪಕಾರವನ್ನು ನೆನಪಿಸಿ, ಬಟ್ಟೆಯನ್ನು ಸ್ವೀಕರಿಸಬೇಕೆಂದು ಬೇಡಿಕೊಂಡರು. ಅಲ್ಲಿಂದ ಮುಂದೆ ಭಗವಾನರು ವ್ಯಕ್ತಿಗಳಿಗೆ ಕೊಡುವ 14 ಬಗೆಯ ದಾನ, ಸಂಘಕ್ಕೆ ಕೊಡುವ 7 ಬಗೆಯ ದಾನಗಳನ್ನು ವಿವರಿಸುತ್ತಾರೆ. ವ್ಯಕ್ತಿಗೆ ಕೊಡುವುದಕ್ಕಿಂತ ಸಂಘಕ್ಕೆ ಕೊಡುವುದು ದೊಡ್ಡದು ಎನ್ನುತ್ತಾರೆ.

ಓದು ಮುಗಿದ ಮೇಲೆ, ಕಾರ್ಕಳದಿಂದ ಬಸ್ಸು ಹಿಡಿದು ಬರುವ ನಮ್ಮ ಹಿರಿಯ ಅಕ್ಕ ಒಬ್ಬರು ಪ್ರಶ್ನೆ ಕೇಳಿದರು. ಅವರ ಮಾತನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

“ನಾನು ನಲವತ್ತು ವರ್ಷದಿಂದ ಉಲ್ಲನ್ ಹಾಕ್ತಾ ಇದ್ದೇನೆ. ಸ್ವೆಟರ್, ಕಾಲುಚೀಲ, ಟೊಪ್ಪಿ. ಎಲ್ಲ ಮನೆಯವರಿಗೇ, ಹೊರಗಿನವರಿಗೆ ಒಂದೂ ಇಲ್ಲ. ಮೊನ್ನೆ ಕೆನಡಾದಿಂದ ಸೊಸೆ ಫೋನಿನಲ್ಲಿ ಹೇಳಿದಳು, ಅತ್ತೆ, ಇನ್ನು ಹಾಕಬೇಡಿ, ಇಲ್ಲಿ ಮನೆಯೊಳಗೆ ಹೀಟರ್ ಉಂಟು, ಇದನ್ನೆಲ್ಲ ಕೈಯಲ್ಲೇ ಒಗೀಬೇಕು, ಕಪಾಟೂ ತುಂಬಿದೆ ಅಂತ. ಬೈದದ್ದಲ್ಲ, ಒಳ್ಳೆ ಮಾತಲ್ಲೇ ಹೇಳಿದ್ದು. ಆದರೂ ಮೂರು ದಿನ ನಾನು ಕಡ್ಡಿ ಮುಟ್ಟಲಿಲ್ಲ. ಇವತ್ತು ಈ ಸುತ್ತ ಕೇಳಿದ ಮೇಲೆ ಅನಿಸ್ತದೆ, ನಾನು ಮಾಡಿದ್ದು ದಾನವೂ ಅಲ್ಲ, ಅವರಿಗೆ ಬೇಕಾದದ್ದೂ ಅಲ್ಲ. ನಲವತ್ತು ವರ್ಷ ಬರೇ ಮೋಹವನ್ನೇ ಹೆಣೆದದ್ದಾ ನಾನು?”

ಯಾರೂ ಕೂಡಲೇ ಉತ್ತರ ಕೊಡಲಿಲ್ಲ. ಅವಸರದಲ್ಲಿ ಉತ್ತರ ಕೊಡುವ ಪ್ರಶ್ನೆಯೂ ಅದಲ್ಲ. ವಾರವಿಡೀ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದ್ದೇನೆ. ಇಂದಿನ ಚಿಂತನೆ ಅಕ್ಕನ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ.

ಮೊದಲು ನಮ್ಮ ಊರಿನ ಹೆಣಿಗೆಯ ಬಗ್ಗೆ ಎರಡು ಮಾತು. ಉಡುಪಿ, ಕಾಪುವಿನ ಸೆಕೆಯಲ್ಲಿ ಸ್ವೆಟರ್ ಯಾರಿಗೆ ಎಂದು ಹೊರಗಿನವರು ನಗಬಹುದು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಹೆಣ್ಣುಮಕ್ಕಳ ಮಿಶನ್ ಶಾಲೆಗಳಲ್ಲಿ ಓದುಬರಹದ ಜೊತೆಗೆ ಹೊಲಿಗೆ, ಹೆಣಿಗೆ ಸೇರಿಕೊಂಡಿತು. ಕಲಿತವರು ಅಕ್ಕಪಕ್ಕದ ಮನೆಯವರಿಗೆ ಕಲಿಸಿದರು. ಜಗಲಿಯಿಂದ ಜಗಲಿಗೆ ಆ ವಿದ್ಯೆ ಹಬ್ಬಿತು. ಆದರೆ ಹೆಣೆದದ್ದನ್ನು ಹಾಕಿಕೊಳ್ಳುವವರು ಹೆಚ್ಚಾಗಿ ಇಲ್ಲಿರಲಿಲ್ಲ. ಒಬ್ಬ ಮಗ ದೆಹಲಿಯಲ್ಲಿ, ಒಬ್ಬ ಸೈನ್ಯದಲ್ಲಿ, ಮಗಳು ಬೆಂಗಳೂರಿನಲ್ಲಿ, ಈಗ ಮೊಮ್ಮಕ್ಕಳು ಜರ್ಮನಿಯಲ್ಲಿ, ಕೆನಡಾದಲ್ಲಿ. ಬೆವರು ಒರೆಸಿಕೊಳ್ಳುತ್ತ, ಫ್ಯಾನಿನ ಕೆಳಗೆ ಕೂತು, ಬೇರೆ ಊರಿನ ಚಳಿಗೆ ಸ್ವೆಟರ್ ಹೆಣೆಯುವ ಹೆಂಗಸರು ನಮ್ಮವರು.

ಇದರಲ್ಲೊಂದು ವಿಶೇಷ ಉಂಟು. ಎದುರಿಗೆ ಇಲ್ಲದ ಮೈಗೆ ನಾವು ಹೆಣೆಯುತ್ತೇವೆ. ಅಳತೆ ನೆನಪಿನಿಂದ ಬರುತ್ತದೆ. ಕಳೆದ ಸಲ ಊರಿಗೆ ಬಂದಾಗ ಮಗು ಎಷ್ಟೆತ್ತರ ಇತ್ತು, ಈಗ ಎಷ್ಟಾಗಿರಬಹುದು ಎಂದು ಅಂದಾಜು ಮಾಡಿ ಕುಣಿಕೆ ಏರಿಸುತ್ತೇವೆ. 12ನೇ ನಂಬರ್ ಕಡ್ಡಿಯಲ್ಲಿ ಬಾರ್ಡರ್, 10ನೇ ನಂಬರಿನಲ್ಲಿ ಮೈ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಸಾಲು ಮುಗಿಯುವವರೆಗೂ ಆ ಮಗುವಿನ ಮುಖವೇ ಕಣ್ಣೆದುರು. ಇದು ಪೂರ್ತಿ ಮೋಹ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮೈತ್ರಿ ಭಾವನೆಯನ್ನು ಕಲಿಸುವಾಗಲೂ ಮೊದಲು ಹತ್ತಿರದವರೊಬ್ಬರ ಮುಖವನ್ನೇ ನೆನೆದುಕೊಳ್ಳಲು ಹೇಳುತ್ತಾರಲ್ಲ!

ಧಮ್ಮವೂ ಹಾಗೆ ಹೇಳುವುದಿಲ್ಲ. ಮಂಗಲ ಸುತ್ತದಲ್ಲಿ ತಂದೆತಾಯಿಯರ ಸೇವೆ, ಹೆಂಡತಿ ಮಕ್ಕಳ ಪೋಷಣೆ, ಬಂಧುಗಳಿಗೆ ಆಸರೆ ಇವೆಲ್ಲ ಉತ್ತಮ ಮಂಗಲಗಳ ಸಾಲಿನಲ್ಲೇ ಬರುತ್ತವೆ. ನಾವು ಓದಿದ ದಕ್ಖಿಣಾವಿಭಂಗದ 14 ದಾನಗಳ ಪಟ್ಟಿಯಲ್ಲಿ ಮೇಲೆ ತಥಾಗತರು ಇದ್ದರೆ ಕೊನೆಯಲ್ಲಿ ಪ್ರಾಣಿಗಳಿವೆ. ಹಸಿದ ಪ್ರಾಣಿಗೆ ಹಾಕಿದ ತುತ್ತಿಗೂ ಫಲ ಉಂಟು ಎಂದ ಮೇಲೆ ಮೊಮ್ಮಗುವಿನ ಕಾಲುಚೀಲಕ್ಕೆ ಇಲ್ಲವೇ?

ಹಾಗಾದರೆ ಭಗವಾನರು ತಾಯಿಯ ಕೈಯ ಬಟ್ಟೆಯನ್ನು ಯಾಕೆ ತೆಗೆದುಕೊಳ್ಳಲಿಲ್ಲ?

ಗಮನಿಸಿ. ನೇಯಬಾರದಿತ್ತು ಎಂದು ಅವರು ಹೇಳಲಿಲ್ಲ. ವಾಪಸು ಕೊಂಡುಹೋಗಿ ಎನ್ನಲಿಲ್ಲ. ಅದೇ ಬಟ್ಟೆ, ಅದೇ ಕೈ, ಅದೇ ಪ್ರೀತಿ. ಕೊಡುವ ದಿಕ್ಕನ್ನು ಮಾತ್ರ ಅಗಲ ಮಾಡಿದರು. ಒಬ್ಬ ಮಗನಿಗೆ ಸಲ್ಲಬೇಕಾದದ್ದು ಮಗನೂ ಸೇರಿದ ಒಂದು ದೊಡ್ಡ ಬಳಗಕ್ಕೆ ಸಂದಿತು. ಮಗ ಆ ಬಳಗದಿಂದ ಹೊರಗೆ ಉಳಿಯಲಿಲ್ಲ. ತಾಯಿಯ ಪ್ರೀತಿ ಕಡಿಮೆಯೂ ಆಗಲಿಲ್ಲ.

ಅಗಲವಾಗುವುದು ಎಂದರೇನು ಎಂಬುದಕ್ಕೆ ನಮ್ಮ ಉಡುಪಿಯಲ್ಲೇ ಒಂದು ಲೌಕಿಕ ಉದಾಹರಣೆ ಉಂಟು. 1925ರಲ್ಲಿ ಇಲ್ಲಿನ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಎರಡಾಣೆ ಕಟ್ಟಿದವರು ತಮ್ಮ ಮನೆಗೆಂದೇ ಕಟ್ಟಿದ್ದು. ಆದರೆ ಆ ಎರಡಾಣೆಗಳೆಲ್ಲ ಸೇರಿದಾಗ ಗುರುತಿಲ್ಲದ ಇನ್ನೊಬ್ಬನಿಗೆ ಸಾಲ ಸಿಕ್ಕಿತು. ಮನೆಯವರ ಮೇಲಿನ ಅಕ್ಕರೆಗೂ ಹೀಗೆ ಊರಿಗೆ ಒದಗುವ ಗುಣ ಉಂಟು, ಅದಕ್ಕೊಂದು ದಾರಿ ಮಾಡಿಕೊಡಬೇಕು ಅಷ್ಟೆ.

ಇನ್ನು ಅಕ್ಕನಿಗೆ ನಿಜವಾಗಿ ನೋವಾದ ಜಾಗಕ್ಕೆ ಬರೋಣ. ಕೊಟ್ಟದ್ದು ಬೇಡವಾಯಿತು ಎಂಬ ನೋವು ಅದು. ಇದಕ್ಕೆ ಮೂರು ಹಳೆಯ ಕಥೆಗಳು ನೆನಪಾಗುತ್ತವೆ. ಮೂರೂ ಬಟ್ಟೆಯ ಕಥೆಗಳೇ.

*ಒಂದು: ಅಕ್ಕ ನೇಯ್ದ ಚೀವರ*

ಧಮ್ಮಪದದ 240ನೆಯ ಗಾಥೆಗೆ ಅಟ್ಠಕಥೆ ಹೇಳುವ ಕಥೆ ಇದು. ಸಾವತ್ಥಿಯ ತಿಸ್ಸ ಎಂಬ ಭಿಕ್ಖುವಿಗೆ ಎಂಟು ಮೊಳದ ಒರಟು ಬಟ್ಟೆ ದಾನವಾಗಿ ಬಂತು. ಅದನ್ನು ಅಕ್ಕನ ಕೈಗೆ ಕೊಟ್ಟ. ಇಂಥ ಒರಟು ನನ್ನ ತಮ್ಮನಿಗೆ ಹಿಡಿಸದು ಎಂದುಕೊಂಡ ಆಕೆ ಅದನ್ನು ತುಂಡು ಮಾಡಿ, ಒರಳಲ್ಲಿ ಕುಟ್ಟಿ, ಹಿಂಜಿ, ನವಿರಾದ ನೂಲು ತೆಗೆದು ಮತ್ತೆ ನೇಯಿಸಿದಳು. ಎಂಟು ಮೊಳದ ಒರಟು ಬಟ್ಟೆ ಒಂಬತ್ತು ಮೊಳದ ನಯವಾದ ಬಟ್ಟೆಯಾಯಿತು. ಇದು ನನ್ನದಲ್ಲ, ನನ್ನದು ಒರಟು ಎಂದು ತಿಸ್ಸ ಮೊದಲು ಒಪ್ಪಲೇ ಇಲ್ಲವಂತೆ. ಅದೇ ಇದು ಎಂದು ಅಕ್ಕ ತಿಳಿಹೇಳಿದಳು. ಚೀವರ ಹೊಲಿದಾಯಿತು. ನಾಳೆ ಉಡುತ್ತೇನೆ ಎಂದು ಮಡಚಿ ಬಿದಿರ ಮೇಲೆ ಇಟ್ಟ. ಆ ರಾತ್ರಿ ಊಟ ಜೀರ್ಣವಾಗದೆ ತೀರಿಕೊಂಡ. ಮನಸ್ಸು ಚೀವರದಲ್ಲೇ ಇತ್ತು. ಅದೇ ಚೀವರದಲ್ಲಿ ಹೇನಾಗಿ ಹುಟ್ಟಿದ.

ಭಿಕ್ಖುಗಳು ಚೀವರವನ್ನು ಹಂಚಿಕೊಳ್ಳಲು ಹೊರಟಾಗ ಆ ಹೇನು, ನನ್ನ ಸೊತ್ತನ್ನು ದೋಚುತ್ತಿದ್ದಾರೆ ಎಂದು ಅತ್ತಿತ್ತ ಓಡುತ್ತ ಕೂಗಿಕೊಂಡಿತಂತೆ. ಭಗವಾನರಿಗೆ ಅದು ಕೇಳಿಸಿತು. ಏಳು ದಿನ ಚೀವರವನ್ನು ಮುಟ್ಟಬೇಡಿ ಎಂದು ಆನಂದರ ಮೂಲಕ ಹೇಳಿಸಿದರು. ಏಳನೆಯ ದಿನ ಹೇನು ಸತ್ತು ತುಸಿತ ಲೋಕದಲ್ಲಿ ಹುಟ್ಟಿತು. ಆಮೇಲೆ ಹಂಚಿಕೊಳ್ಳಿ ಎಂದರು.

ಈ ಕಥೆ ಕೇಳಿ ನಾವು ಹೇನಿಗೆ ನಗುತ್ತೇವೆ. ನನಗೆ ಹಿಡಿಸಿದ್ದು ಆ ಏಳು ದಿನ. ಸಣ್ಣ ಜೀವವೊಂದು ‘ನನ್ನದು’ ಎಂದು ಹಿಡಿದದ್ದನ್ನು ಭಗವಾನರು ಕಿತ್ತುಕೊಳ್ಳಲಿಲ್ಲ. ಹಿಡಿತ ತಾನಾಗಿ ಸಡಿಲವಾಗುವಷ್ಟು ಸಮಯ ಕೊಟ್ಟರು. ಅಕ್ಕನೂ ಮೂರು ದಿನ ಕಡ್ಡಿ ಮುಟ್ಟಲಿಲ್ಲ ಎಂದರಲ್ಲ, ಇನ್ನೂ ನಾಲ್ಕು ದಿನ ಮುಟ್ಟದಿದ್ದರೂ ತಪ್ಪಿಲ್ಲ. ನೋವನ್ನು ಓಡಿಸುವ ಅವಸರ ಬೇಡ. ನೋವು ಎಲ್ಲಿಂದ ಬಂತು ಎಂದು ಮಾತ್ರ ನೋಡಬೇಕು. ಸ್ವೆಟರ್ ಕೆನಡಾದ ಕಪಾಟಿನಲ್ಲಿ ಬೆಚ್ಚಗೆ ಇದೆ. ‘ನಾನು ಹಾಕಿದ್ದು’ ಎಂಬ ಮಾತು ಮಾತ್ರ ಆ ಸ್ವೆಟರಿನೊಳಗೆ ಅತ್ತಿತ್ತ ಓಡುತ್ತಿದೆ.

*ಎರಡು: ಚಳಿಯಲ್ಲಿ ಕೂತ ರಾತ್ರಿ*

ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ಪ್ರಸಂಗ. ರಾಜಗಹದಿಂದ ವೇಸಾಲಿಗೆ ಹೋಗುವ ದಾರಿಯಲ್ಲಿ ಭಗವಾನರು ಭಿಕ್ಖುಗಳನ್ನು ನೋಡಿದರು. ತಲೆಯ ಮೇಲೊಂದು ಬಟ್ಟೆಯ ಗಂಟು, ಹೆಗಲ ಮೇಲೊಂದು, ಸೊಂಟದಲ್ಲೊಂದು. ಎಷ್ಟು ಬಟ್ಟೆ ಸಾಕು ಎಂದು ಗೆರೆ ಎಳೆಯಬೇಕಿತ್ತು. ಅವರು ಕೂತಲ್ಲೇ ಒಂದು ಸಂಖ್ಯೆ ಹೇಳಿಬಿಡಲಿಲ್ಲ. ವೇಸಾಲಿಯ ಗೋತಮಕ ಚೇತಿಯದಲ್ಲಿ, ಕಡುಚಳಿಗಾಲದ ರಾತ್ರಿ, ಬಯಲಿನಲ್ಲಿ ಒಂದೇ ಚೀವರ ಹೊದ್ದು ಕೂತರು. ಮೊದಲ ಜಾವ ಚಳಿ ಅನ್ನಿಸಲಿಲ್ಲ. ಅದು ಕಳೆದ ಮೇಲೆ ಅನ್ನಿಸಿತು, ಎರಡನೆಯದನ್ನು ಹೊದ್ದರು. ನಡುಜಾವ ಕಳೆದ ಮೇಲೆ ಮೂರನೆಯದು. ಬೆಳಕು ಹರಿಯುವ ಹೊತ್ತಿಗೆ ನಾಲ್ಕನೆಯದು. ಅಷ್ಟಕ್ಕೆ ಸಾಕಾಯಿತು. ಚಳಿ ತಡೆಯದ ಭಿಕ್ಖುವಿಗೂ ಇಷ್ಟು ಸಾಕು ಎಂದು ಮೂರು ಚೀವರಗಳ ನಿಯಮ ಮಾಡಿದರು, ಅದರಲ್ಲಿ ಮೇಲುಹೊದಿಕೆ ಎರಡು ಪದರದ್ದು.

ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ ಬಟ್ಟೆಯನ್ನೇ ತೊರೆದವನು. ಆ ತ್ಯಾಗಕ್ಕೆ ನಮ್ಮ ನಮಸ್ಕಾರ. ಭಗವಾನರ ದಾರಿ ಬೇರೆ. ಮೈಗೆ ಚಳಿಯಾಗುತ್ತದೆ ಎಂಬುದನ್ನು ಅವರು ಒಪ್ಪಿಕೊಂಡರು. ಎಷ್ಟು ಚಳಿ ಎಂದು ತಾವೇ ಕೂತು ನೋಡಿದರು. ಅಷ್ಟಕ್ಕೆ ಬೇಕಾದಷ್ಟೇ ಕೊಟ್ಟರು.

ಮನೆಯವರಿಗೆ ಹೆಣೆಯುವ ನಮಗೆ ಇದು ದೊಡ್ಡ ಪಾಠ. ನಾವು ಪ್ರೀತಿಯ ಲೆಕ್ಕದಲ್ಲಿ ಹೆಣೆಯುತ್ತೇವೆ, ಅಲ್ಲಿನವರು ಚಳಿಯ ಲೆಕ್ಕದಲ್ಲಿ ಹಾಕಿಕೊಳ್ಳುತ್ತಾರೆ. ಎರಡೂ ಲೆಕ್ಕ ತಾಳೆಯಾಗದಿದ್ದರೆ ಪ್ರೀತಿ ಸುಳ್ಳಾಗುವುದಿಲ್ಲ, ಅಳತೆ ಮಾತ್ರ ತಪ್ಪುತ್ತದೆ. ಸೊಸೆ ಹೇಳಿದ್ದು ಅಳತೆಯ ಮಾತು. ಹೀಟರ್ ಉಂಟು, ಕೈಯಲ್ಲಿ ಒಗೆಯಬೇಕು, ಕಪಾಟಿನಲ್ಲಿ ಜಾಗವಿಲ್ಲ. ಆ ಮೂರೂ ಆಕೆಯ ದಿನನಿತ್ಯದ ನಿಜ. ಅದನ್ನು ನಮಗೆ ನೇರವಾಗಿ ಹೇಳಿದ್ದು ಆಕೆಯ ಕಡೆಯಿಂದ ಬಂದ ಒಂದು ವಿಶ್ವಾಸ ಎಂದೇ ನಾನು ತಿಳಿಯುತ್ತೇನೆ. ಒಳಗೆ ಮುಚ್ಚಿಟ್ಟು, ಹೊರಗೆ ಚೆಂದ ಉಂಟು ಎಂದಿದ್ದರೆ ನಾವು ಇನ್ನೂ ಹತ್ತು ಕಳಿಸುತ್ತಿದ್ದೆವು.

ಉಣ್ಣೆಯ ಗುಣವನ್ನು ಯೋಚಿಸಿ. ಉಣ್ಣೆಗೆ ತನ್ನದೇ ಬಿಸಿ ಇಲ್ಲ. ಅದರ ಎಳೆ ಸುರುಳಿ ಸುರುಳಿಯಾಗಿರುತ್ತದೆ, ಆ ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬೆಚ್ಚಗಾಗಿಸುವುದು ಹಾಕಿಕೊಂಡವರ ಸ್ವಂತ ಮೈಯೇ. ನಾವು ಕೊಡುವುದು ಬಿಸಿಯನ್ನಲ್ಲ, ಅವರ ಬಿಸಿ ಅವರಲ್ಲೇ ಉಳಿಯುವ ಒಂದು ಅನುಕೂಲವನ್ನು. ತುಂಬಾ ಬಿಗಿಯಾಗಿ ಹೆಣೆದರೆ ಗಾಳಿಗೆ ಜಾಗವಿರುವುದಿಲ್ಲ, ಸ್ವೆಟರ್ ಹಲಗೆಯಂತಾಗುತ್ತದೆ. ಕಡ್ಡಿ ಹಿಡಿದ ಎಲ್ಲರಿಗೂ ಇದು ಗೊತ್ತು.

*ಮೂರು: ಕುರಿಯ ಉಣ್ಣೆ ಮತ್ತು ಹೆಂಗಸರ ಸಮಯ*

ಇದೂ ವಿನಯದಲ್ಲಿ ಬರುವುದೇ. ಕಪಿಲವತ್ಥುವಿನಲ್ಲಿ ಕೆಲವು ಭಿಕ್ಖುಗಳು ತಮಗೆ ಸಿಕ್ಕಿದ ಕುರಿಯ ಉಣ್ಣೆಯನ್ನು ಭಿಕ್ಖುಣಿಯರ ಕೈಯಲ್ಲಿ ತೊಳೆಸಿ, ಬಣ್ಣ ಹಾಕಿಸಿ, ಬಿಡಿಸಿಕೊಳ್ಳುತ್ತಿದ್ದರು. ಭಿಕ್ಖುಣಿಯರಿಗೆ ಪಾಠಕ್ಕೂ ಪುರುಸೊತ್ತಿಲ್ಲ, ಧ್ಯಾನಕ್ಕೂ ಇಲ್ಲ. ಮಹಾಪಜಾಪತಿ ಗೋತಮಿ ಭಗವಾನರನ್ನು ಕಾಣಲು ಬಂದಾಗ, ಭಿಕ್ಖುಣಿಯರ ಸಾಧನೆ ಹೇಗೆ ನಡೆದಿದೆ ಎಂದು ಅವರು ವಿಚಾರಿಸಿದರು. ಗೋತಮಿ ಮುಚ್ಚಿಡಲಿಲ್ಲ. ಉಣ್ಣೆ ತೊಳೆಯುವುದರಲ್ಲೇ ದಿನ ಹೋಗುತ್ತದೆ, ಸಾಧನೆ ಎಲ್ಲಿಂದ ಎಂದರು. ಭಗವಾನರು ಕೂಡಲೇ ನಿಯಮ ಮಾಡಿದರು. ಬಂಧುವಲ್ಲದ ಭಿಕ್ಖುಣಿಯಿಂದ ಭಿಕ್ಖು ಉಣ್ಣೆಯ ಕೆಲಸ ಮಾಡಿಸಿಕೊಳ್ಳುವಂತಿಲ್ಲ.

ತಮ್ಮ ಕೈಯಾರೆ ನೂತು ನೇಯ್ದು ತಂದ ಅದೇ ತಾಯಿ ಇಲ್ಲಿ ಇತರ ಹೆಂಗಸರ ಕೈಗಳ ಪರವಾಗಿ ಮಾತಾಡಿದರು. ಪ್ರೀತಿಯಿಂದ ಮಾಡುವ ಕೆಲಸ ಬೇರೆ, ಇವಳು ಹೇಗೂ ಮಾಡುತ್ತಾಳೆ ಎಂದು ಮಾಡಿಸಿಕೊಳ್ಳುವ ಕೆಲಸ ಬೇರೆ. ಈ ಮಾತು ಸ್ವೆಟರ್ ಹಾಕಿಕೊಳ್ಳುವ ನಮ್ಮ ಬಳಗದ ಗಂಡಸರಿಗೂ ಮಕ್ಕಳಿಗೂ. ಅನುರುದ್ಧರ ಚೀವರ ಹೊಲಿಯುವ ದಿನ ಭಿಕ್ಖುಗಳೆಲ್ಲ ಸೇರಿ ನೂಲು ಹೊಸೆದರು, ಭಗವಾನರು ಸ್ವತಃ ಸೂಜಿಗೆ ದಾರ ಪೋಣಿಸಿದರು ಎಂದು ಅಟ್ಠಕಥೆ ಹೇಳುತ್ತದೆ. ಉಲ್ಲನ್ನಿನ ಲಡಿಯನ್ನು ಎರಡು ಕೈಗೆ ಹಾಕಿಕೊಂಡು ಹತ್ತು ನಿಮಿಷ ಕೂತರೆ ನಮಗೂ ಏನೂ ಕಡಿಮೆಯಾಗುವುದಿಲ್ಲ. ಅವಳು ಉಂಡೆ ಸುತ್ತಿಕೊಳ್ಳುತ್ತಾಳೆ.

ನನ್ನ ಅಪ್ಪ ಹಾಗೆ ಕೂರುತ್ತಿದ್ದರು. ಕಾಪುವಿನ ದೀಪಸ್ತಂಭದ ಬೆಳಕು ರಾತ್ರಿ ನಮ್ಮ ಅಂಗಳದ ತೆಂಗಿನಮರಗಳ ತುದಿಗೆ ಬಿದ್ದು ಹೋಗುತ್ತಿತ್ತು. ಆ ಜಗಲಿಯಲ್ಲಿ ಅಪ್ಪ ಕೈ ಚಾಚಿ ಕೂತರೆ ಅಮ್ಮ ಉಂಡೆ ಸುತ್ತುತ್ತಿದ್ದರು. ಅಪ್ಪನಿಗೆ ಉಬ್ಬಸ. ಮಳೆಗಾಲದ ರಾತ್ರಿಗಳಲ್ಲಿ ಎದೆ ಸುಯ್ಯೆನ್ನುತ್ತಿತ್ತು. ಅದಕ್ಕಾಗಿ ಅಮ್ಮ ಅವರಿಗೆ ಅರ್ಧ ತೋಳಿನ ಸ್ವೆಟರ್ ಹೆಣೆಯುತ್ತಿದ್ದರು. ಕಾಪುವಿನಲ್ಲಿ ಸ್ವೆಟರ್ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಅಮ್ಮನಿಗೆ ನೆರೆಯವರ ಮಾತು ಕೇಳಿಸುತ್ತಿರಲಿಲ್ಲ, ಅಪ್ಪನ ಎದೆಯ ಸದ್ದು ಕೇಳಿಸುತ್ತಿತ್ತು. ಚಳಿ ಎಷ್ಟು ಎಂಬುದನ್ನು ಅವರು ಪಕ್ಕದಲ್ಲೇ ಮಲಗಿ ಅಳೆದಿದ್ದರು.

ಅಮ್ಮ ತೀರಿಕೊಂಡಾಗ ಕಂದು ಬಣ್ಣದ ಒಂದು ಸ್ವೆಟರ್ ಕಡ್ಡಿಯ ಮೇಲೇ ಇತ್ತು. ಬೆನ್ನಿನ ಭಾಗ ಮುಗಿದಿತ್ತು, ಎದೆಯ ಭಾಗ ಕಂಕುಳಿನವರೆಗೆ ಬಂದಿತ್ತು. ನಾನು ಮುಗಿಸಿ ಕೊಡುತ್ತೇನೆ ಎಂದೆ. ಅಪ್ಪ ಬೇಡ ಎಂದರು. “ಅದು ಅವಳು ಬಿಟ್ಟಲ್ಲೇ ನಿಲ್ಲಲಿ.” ಕಡ್ಡಿ ಸಮೇತ ಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆವು. ಅಪ್ಪ ಇರುವಷ್ಟು ದಿನ ಅದು ಅಲ್ಲೇ ಇತ್ತು. ಅದನ್ನು ಯಾರೂ ಕದಲಿಸಲಿಲ್ಲ. ತಿಸ್ಸನ ಚೀವರದ ಏಳು ದಿನಗಳ ಹಾಗೆ ಅದು ಅಪ್ಪನ ಏಳು ದಿನ ಎಂದು ಈಗ ತೋರುತ್ತದೆ. ವರ್ಷಗಳ ಲೆಕ್ಕದಲ್ಲಿ ಒಂಬತ್ತು.

ಅಪ್ಪನೂ ಹೋದ ಮೇಲೆ ನಾನು ಮತ್ತು ತಂಗಿ ಚೀಲ ಬಿಚ್ಚಿದೆವು. ಹಾಗೇ ಇಡೋಣ, ಅಮ್ಮನ ಕೈಯದ್ದು ಎಂದಳು ತಂಗಿ. ಎರಡು ದಿನ ಅದರ ಬಗ್ಗೆಯೇ ಮಾತಾಡಿದೆವು. ಅಲ್ಲೊಂದು ಇಲ್ಲೊಂದು ನುಸಿ ಹಿಡಿಯಲು ಶುರುವಾಗಿತ್ತು. ಕೊನೆಗೆ ತಂಗಿಯೇ ನೂಲಿನ ತುದಿ ಹಿಡಿದು, ಎಳೆಯೋಣ ಎಂದಳು.

ಕಡ್ಡಿ ತೆಗೆದು ತುದಿ ಎಳೆದರೆ ಸಾಕು, ಹೆಣಿಗೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ, ಅದು ತನ್ನನ್ನೇ ತಾನು ಕುಣಿಕೆ ಕುಣಿಕೆಯಾಗಿ ಹಿಡಿದುಕೊಂಡಿರುತ್ತದೆ. ಪ್ರತಿ ಕುಣಿಕೆಯೂ ಕೆಳಗಿನದ್ದರ ಆಸರೆಯಲ್ಲಿ ನಿಂತಿರುತ್ತದೆ. ಇದು ಇರುವುದರಿಂದ ಅದು ಇದೆ ಎಂಬ ಪಟಿಚ್ಚಸಮುಪ್ಪಾದದ ಮಾತನ್ನು ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಅಂದು ಕೈಯಲ್ಲಿ ಮುಟ್ಟಿದೆ. ಕೊನೆಯ ಸಾಲುಗಳಲ್ಲಿ ಅಮ್ಮನ ಕುಣಿಕೆಗಳು ಒಂದೊಂದು ಒಂದೊಂದು ಅಳತೆಯಲ್ಲಿದ್ದವು. ಕೈ ನೋಯುತ್ತಿತ್ತು ಎಂದು ನಮಗೆ ಅವರು ಹೇಳಿರಲಿಲ್ಲ, ನೂಲು ಹೇಳಿತು. ಹೇಳುತ್ತಲೇ ಆ ಸಾಲು ಬಿಚ್ಚಿಹೋಯಿತು. ತಂಗಿ ಅತ್ತಳು, ಎಳೆಯುವುದನ್ನು ನಿಲ್ಲಿಸಲಿಲ್ಲ.

ಒಂದು ಗಂಟೆಯಲ್ಲಿ ಸ್ವೆಟರ್ ಇರಲಿಲ್ಲ. ಏನೂ ಕಳೆದುಹೋಗಿರಲೂ ಇಲ್ಲ. ರಥದ ಗಾಲಿ, ಅಚ್ಚು, ನೊಗ ಬಿಡಿಸಿಟ್ಟ ಮೇಲೆ ರಥ ಎಲ್ಲಿ ಎಂದು ನಾಗಸೇನರು ಮಿಲಿಂದ ರಾಜನನ್ನು ಕೇಳಿದರಲ್ಲ, ಹಾಗೆ. ಬಿಚ್ಚಿದ ನೂಲು ಅಂಕುಡೊಂಕಾಗಿತ್ತು. ಎಷ್ಟೋ ವರ್ಷ ಕುಣಿಕೆಯಾಗಿದ್ದ ಗುರುತು ಅದರ ಮೈಯಲ್ಲೇ ಉಳಿದಿತ್ತು. ಸಂಖಾರ ಎನ್ನುವುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಗೊತ್ತಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಕೆಳಗೆ ಸ್ವಲ್ಪ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದೆವು. ಎರಡು ದಿನಕ್ಕೆ ನೂಲು ಹೆಚ್ಚುಕಡಿಮೆ ನೇರವಾಯಿತು. ಹಳೆಯ ಗುರುತನ್ನು ಕತ್ತರಿಸಬೇಕಾಗಿಲ್ಲ. ನೀರು, ಸ್ವಲ್ಪ ಭಾರ, ತಾಳ್ಮೆ ಇದ್ದರೆ ಸಾಕು.

ಆ ನೂಲಿನಿಂದ ನಾಲ್ಕು ಜೊತೆ ಕಾಲುಚೀಲ ಆಯಿತು. ಕಾಲುಚೀಲದಲ್ಲಿ ಹಿಮ್ಮಡಿ ತಿರುಗಿಸುವ ಜಾಗ ಒಂದುಂಟು. 60 ಕುಣಿಕೆಗಳಲ್ಲಿ 30ನ್ನು ಮಾತ್ರ ಹೆಣೆಯುತ್ತೇವೆ, ಉಳಿದ 30 ಕಡ್ಡಿಯ ಮೇಲೆ ಸುಮ್ಮನೆ ಕಾಯುತ್ತವೆ. ತಮ್ಮ ಸರದಿ ಬಂದಾಗ ಮತ್ತೆ ಸೇರಿಕೊಳ್ಳುತ್ತವೆ. ಒಂದು ಜೊತೆ ತಂಗಿಗೆ, ಒಂದು ಅವಳ ಗಂಡನಿಗೆ, ಒಂದು ನನ್ನ ಮಗಳಿಗೆ. ನಾಲ್ಕನೆಯದು ನಮ್ಮ ಕಟ್ಟಡದ ರಾತ್ರಿ ಕಾವಲಿನವರಿಗೆ. ಮಣಿಪಾಲದ ಗುಡ್ಡದ ಮೇಲೆ ಡಿಸೆಂಬರಿನ ಬೆಳಗಿನ ಜಾವ ಇಬ್ಬನಿ ಬೀಳುವಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ಅವರಿಗೆ ಚಳಿ ಉಂಟು. ಕೇಳಿದ ಮೇಲೆಯೇ ಹೆಣೆದೆ. ಅಮ್ಮನ ನೂಲು ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಕಾಲುಚೀಲಕ್ಕೆ ಭಾರ ಹೆಚ್ಚಾಗುತ್ತಿತ್ತು.

ಈಗ ಅಕ್ಕನ ಪ್ರಶ್ನೆಗೆ. ನಲವತ್ತು ವರ್ಷ ನೀವು ಹೆಣೆದದ್ದು ಮೋಹವಾ ಎಂದು ಕೇಳಿದಿರಿ. ಅಕ್ಕಾ, ಮೈತ್ರಿಯೂ ಮೋಹವೂ ಒಂದೇ ನೂಲಿನಲ್ಲಿ ಹೊಸೆದುಕೊಂಡು ಬರುತ್ತವೆ, ನಮ್ಮಂಥ ಗೃಹಸ್ಥರಿಗೆ ಅದು ಹಾಗೆಯೇ. ಬೇಕಾದವರ ಮೈ ಬೆಚ್ಚಗಿರಲಿ ಎಂದು ಹಾಕಿದ ಒಂದು ಕುಣಿಕೆಯೂ ವ್ಯರ್ಥವಲ್ಲ. ನನ್ನದನ್ನೇ ಹಾಕಿಕೊಳ್ಳಲಿ ಎಂಬ ಕುಣಿಕೆಗಳು ಮಾತ್ರ ಈಗ ಎಳೆಯುತ್ತಿವೆ. ಅವನ್ನು ಬಿಚ್ಚಬಹುದು. ಬಿಚ್ಚಿದರೆ ನೂಲು ಉಳಿಯುತ್ತದೆ. ಕೈಗೂ ಕೆಲಸ ಉಳಿಯುತ್ತದೆ.

ಅಂದು ನಮ್ಮ ನಡುವೆ ಹಿಮಾಚಲದಿಂದ ಓದಲು ಬಂದ ಹುಡುಗನೊಬ್ಬ ಇದ್ದ. ಅಕ್ಕನ ಪ್ರಶ್ನೆಯನ್ನು ಯಾರೋ ಅವನಿಗೆ ಹಿಂದಿಯಲ್ಲಿ ಹೇಳಿದರು. ಅವನ ಅಜ್ಜಿ ಹೆಣೆದ ಸ್ವೆಟರ್ ಇಲ್ಲಿಯ ಸೆಕೆಗೆ ಒಂದು ದಿನವೂ ಹಾಕಲು ಆಗಲಿಲ್ಲವಂತೆ. ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ ಎಂದ. ಅಜ್ಜಿಗೆ ಇದು ಗೊತ್ತಾ ಎಂದು ಅಕ್ಕ ಕೇಳಿದರು. ಇಲ್ಲ ಎಂದ. ಕೊಟ್ಟದ್ದು ಹೇಗೆ ಬಳಕೆಯಾಗುತ್ತದೆ ಎಂಬುದು ಕೊಟ್ಟವರಿಗೆ ತಿಳಿಯಲೇಬೇಕೆಂದಿಲ್ಲ.

ನಮ್ಮ ಕರಾವಳಿಗೆ ಈ ಮಾತು ಹೊಸತಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪರ ಕುಂದವರ್ಮ 968ರಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ. ಲೋಕೇಶ್ವರ ಎಂದರೆ ಲೋಕದ ನೋವನ್ನು ನೋಡುವವನು. ನೋಡುವುದು ಮೊದಲು, ಕೊಡುವುದು ಆಮೇಲೆ.

*ಇಂದಿನ ಅಭ್ಯಾಸ*

ಹೆಣಿಗೆ ಬಲ್ಲವರು ಕಡ್ಡಿಯೊಂದಿಗೆ ಮಾಡಬಹುದು, ಬಾರದವರು ಅಡುಗೆ, ಹೊಲಿಗೆ, ಮನೆಯವರಿಗಾಗಿ ಮಾಡುವ ಯಾವ ಕೆಲಸದಲ್ಲಾದರೂ ಮಾಡಬಹುದು.

1. ಶುರು ಮಾಡುವ ಮೊದಲು ಕೇಳಿ. ನಿನಗೆ ಏನು ಬೇಕು, ಬೇಕೇ ಎಂದು. ‘ಬೇಡ’ ಎಂಬ ಉತ್ತರ ಬಂದರೆ ಮೂರು ಉಸಿರಿನ ಹೊತ್ತು ಸುಮ್ಮನಿರಿ. ಮನಸ್ಸಿನಲ್ಲಿ ಯಾವುದು ಕೂಗಿಕೊಳ್ಳುತ್ತದೆ ಎಂದು ಗಮನಿಸಿ.

2. ಒಂದು ಸಾಲನ್ನು ಯಾರಿಗೆ ಹೆಣೆಯುತ್ತೀರೋ ಅವರನ್ನು ನೆನೆದು ಹಾಕಿ. ಮುಂದಿನ ಸಾಲನ್ನು ಅದೇ ಹೊತ್ತಿಗೆ ಚಳಿಯಲ್ಲಿರುವ, ನಿಮಗೆ ಗುರುತಿಲ್ಲದ ಒಬ್ಬರನ್ನು ನೆನೆದು ಹಾಕಿ. ಸೀದಾ ಸಾಲಿಗೂ ಉಲ್ಟಾ ಸಾಲಿಗೂ ನೂಲು ಒಂದೇ.

3. ಮನೆಯವರಿಗೆ ಮೂರು ಮಾಡಿದರೆ ಹೊರಗೆ ಒಂದು. ನಮ್ಮ ಊರಿನ ಸೆಕೆಯಲ್ಲೂ ಆಗತಾನೇ ಹುಟ್ಟಿದ ಮಗುವಿಗೆ ಟೊಪ್ಪಿ, ಕಾಲುಚೀಲ ಬೇಕು. ಅದರ ಮೈಗೆ ಬಿಸಿ ಹಿಡಿದಿಟ್ಟುಕೊಳ್ಳಲು ಬಾರದು. ಆಸ್ಪತ್ರೆಗಳಲ್ಲಿ ಮೊದಲು ದಾದಿಯರನ್ನು ಕೇಳಿ, ಅವರು ಹೇಳಿದ ನೂಲು, ಹೇಳಿದ ಅಳತೆಯಲ್ಲೇ ಮಾಡಿ. ಬೈಲಕುಪ್ಪೆಯ ವಿಹಾರಗಳಲ್ಲಿ ಚಳಿಗಾಲದ ಬೆಳಗಿನ ಪಾಠಕ್ಕೆ ಕೂರುವ ಪುಟ್ಟ ಭಿಕ್ಖುಗಳಿದ್ದಾರೆ. ಅವರಿಗೆ ಕೊಟ್ಟರೆ ಗೋತಮಿಯವರ ಬಟ್ಟೆ ಹೋದ ದಾರಿಯಲ್ಲೇ ನಿಮ್ಮದೂ ಹೋದಂತೆ.

4. ಕೊಟ್ಟ ಮೇಲೆ, ಹಾಕಿಕೊಂಡೆಯಾ ಎಂದು ಕೇಳದೆ ಒಂದು ತಿಂಗಳು ಇದ್ದು ನೋಡಿ. ನಾಲ್ಕರಲ್ಲಿ ಕಷ್ಟದ್ದು ಇದೇ.

ಕೊನೆಯ ಕುಣಿಕೆಯನ್ನು ಮುಚ್ಚಿ, ನೂಲು ಕತ್ತರಿಸಿ, ಕಡ್ಡಿಯನ್ನು ಹೊರಗೆಳೆದಾಗಲೇ ಸ್ವೆಟರ್ ಸ್ವೆಟರ್ ಆಗುವುದು. ಕಡ್ಡಿ ಒಳಗೇ ಇದ್ದರೆ ಯಾರೂ ಅದನ್ನು ಹಾಕಿಕೊಳ್ಳಲಾರರು.

ಚಳಿಯಲ್ಲಿರುವವರಿಗೆ ಹೊದಿಕೆ ಸಿಗಲಿ. ಹೆಣೆಯುವ ಕೈಗಳಿಗೆ ನೋವಿಲ್ಲದಿರಲಿ. ಎಲ್ಲ ಜೀವಿಗಳೂ ಸುಖವಾಗಿರಲಿ.

ಸಾಧು, ಸಾಧು, ಸಾಧು.